ಶಿವಡಿಯಿಂದ ಕುರ್ಲಾದವರೆಗೆ: ಒಂದು ಗೇರ್‌ಬಾಕ್ಸಿನ ಕಥೆ

ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಇದೇ ಕಂಪನಿ ಅಮೆರಿಕದಲ್ಲಿ 1940ರ ಓಲ್ಡ್ಸ್‌ಮೊಬಿಲ್ ಕಾರಿಗೆ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿತು. ಕ್ಲಚ್ ಪೆಡಲ್ ಮಾಯವಾಯಿತು. ಯುದ್ಧ ಬಂದಾಗ ಎಂ5 ಸ್ಟುವರ್ಟ್ ಟ್ಯಾಂಕಿಗೂ ಅದೇ ಬಂತು. ಎಂಜಿನ್ ಎರಡು, ಗೇರ್‌ಬಾಕ್ಸೂ ಎರಡು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತಾಕತ್ತು ಬಹುಪಾಲು ಒಳಗಿನ ಕ್ಲಚ್ ಪ್ಲೇಟುಗಳ ಹಿಡಿತದಲ್ಲಿದೆ. ಎಂಜಿನ್ನಿನ ಟಾರ್ಕ್ ಮಿತಿ ಮೀರಿದರೆ ಪ್ಲೇಟು ಜಾರುತ್ತದೆ; ಜಾರಿದರೆ ಆಯಿಲ್ ಕಾಯುತ್ತದೆ; ಕಾದ ಆಯಿಲ್ ಪ್ಲೇಟನ್ನೇ ಸುಡುತ್ತದೆ. ಅದಕ್ಕೇ ಬಲಪಡಿಸುವವರು ಪ್ಲೇಟು ಹೆಚ್ಚಿಸುತ್ತಾರೆ, ಆಯಿಲ್ ಒತ್ತಡ ಏರಿಸುತ್ತಾರೆ, ಕೂಲರ್ ಜೋಡಿಸುತ್ತಾರೆ.

ಇಲ್ಲೇ ಬಿಡಿಭಾಗ ತಯಾರಿಸದೆ ಬರೀ ಜೋಡಿಸುವವರಿಗೆ ಇನ್ನು ಜಾಗವಿಲ್ಲ ಎಂದು 1953ರಲ್ಲಿ ಸರ್ಕಾರ ಹೇಳಿತು. ಮರುವರ್ಷ ಶಿವಡಿಯ ಕಾರ್ಖಾನೆ ಮುಚ್ಚಿತು. ಮುಂದೆ ಮುಂಬಯಿಯ ಟ್ಯಾಕ್ಸಿಯೆಂದರೆ ಕುರ್ಲಾದ ಫಿಯೆಟ್, ಅದೇ ಆಮೇಲಿನ ಪ್ರೀಮಿಯರ್ ಪದ್ಮಿನಿ: ಸ್ಟಿಯರಿಂಗ್ ಪಕ್ಕದಲ್ಲಿ ಗೇರು, ಎಡಗಾಲಡಿ ಕ್ಲಚ್ಚು. ಸವೆದ ಪ್ಲೇಟನ್ನು ಗ್ಯಾರೇಜಿನಲ್ಲಿ ಬದಲಿಸಬಹುದಿತ್ತು. ದಿನವಿಡೀ ಸಿಗ್ನಲ್‌ನಿಂದ ಸಿಗ್ನಲ್‌ಗೆ ಆ ಪೆಡಲ್ ಒತ್ತಿದ ಮೊಣಕಾಲಿಗೆ ಅಂಥ ರಿಪೇರಿ ಇರಲಿಲ್ಲ. 2023ರಲ್ಲಿ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಾಗ ಊರು ಕಾರನ್ನು ನೆನೆಯಿತು. ಆ ಕಾಲನ್ನೂ ನೆನೆಯಬೇಕಿತ್ತು.