ರಾತ್ರಿ ತೆಗೆದ ರಕ್ತ, ಘಟ್ಟದಾಚೆ ಹೋದ ರಕ್ತ

ರಾತ್ರಿ ಊಟ ಮುಗಿಸಿ ಚಾಪೆ ಹಾಸಿದ ಮೇಲೆ ಬಾಗಿಲು ಬಡಿದು, ಟಾರ್ಚ್ ಬೆಳಕಿನಲ್ಲಿ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗುತ್ತಿದ್ದವರ ನೆನಪು ನಮ್ಮ ಕಡಲಬದಿಯ ಮನೆಗಳಲ್ಲಿ ಇನ್ನೂ ಇದೆ. ನಮ್ಮ ಅಮ್ಮಮ್ಮನಿಗೆ ಅವರ ಮೇಲೆ ಬಹಳ ಸಿಟ್ಟಿತ್ತು. "ಹಗಲಿಡೀ ಎಲ್ ಹೋತ್ರ್ ಇವ್ರ್? ಮಕ್ಳ್ ಮಲ್ಗಿದ್ ಮೇಲೆ ನೆತ್ರ್ ತೆಗುಕೆ ಬತ್ರ್" ಎನ್ನುತ್ತಿದ್ದರು.

ಬಂದವರು ಆನೆಕಾಲು ರೋಗದ ಸರ್ವೆಯವರು. ಹಗಲು ಬಾರದೆ ಇದ್ದದ್ದು ಸೋಮಾರಿತನದಿಂದ ಅಲ್ಲ. ಆನೆಕಾಲು ತರುವ ಹುಳದ ಮರಿಗಳು ಹಗಲು ಹೊತ್ತು ಶ್ವಾಸಕೋಶದ ಕಡೆಯ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ ಸುಮಾರು ಹತ್ತರಿಂದ ಎರಡು ಗಂಟೆಯ ನಡುವೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಅವುಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ಸೊಳ್ಳೆ ಕಚ್ಚುವ ಹೊತ್ತೂ ಅದೇ. ಮಧ್ಯಾಹ್ನ ಬೆರಳು ಚುಚ್ಚಿದರೆ ಮೈಯಲ್ಲಿ ರೋಗವಿದ್ದವರಿಗೂ "ಇಲ್ಲ" ಎಂಬ ಉತ್ತರವೇ ಸಿಕ್ಕೀತು.

ಮನುಷ್ಯರ ರಕ್ತದಲ್ಲಿ ಈ ಮರಿಗಳನ್ನು 1872ರಲ್ಲಿ ಕಲ್ಕತ್ತೆಯಲ್ಲಿ ಕಂಡವರು ತಿಮೋತಿ ಲೂಯಿಸ್ ಎಂಬ ವೈದ್ಯ. ಅವು ರಾತ್ರಿ ಮಾತ್ರ ಹೊರಬರುತ್ತವೆ ಎಂದು 1870ರ ದಶಕದ ಕೊನೆಯ ಹೊತ್ತಿಗೆ ಕಂಡುಕೊಂಡವರು ಚೀನಾದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್. ನಮ್ಮ ದೇಶದಲ್ಲಿ ಆನೆಕಾಲು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. ರಾಜ್ಯದಲ್ಲಿ ಈ ರೋಗವಿದ್ದ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಕರಾವಳಿಯೂ ಇತ್ತು. ಅಮ್ಮಮ್ಮನಿಗೆ ಇದನ್ನು ಯಾರಾದರೂ ಕೂತು ಹೇಳಿದ್ದರೆ ಅವರು ಬೈಯುತ್ತಿರಲಿಲ್ಲವೇನೋ. ನಮಗೆ ತಿಳಿದ ಮಟ್ಟಿಗೆ ಯಾರೂ ಹೇಳಿರಲಿಲ್ಲ.

ಸರ್ವೆಯವರ ಚೀಲದಲ್ಲಿ ಇದ್ದದ್ದು ಒಂದು ಚೂಪು ಸೂಜಿ, ಸ್ಪಿರಿಟ್, ಹತ್ತಿ ಮತ್ತು ಒಂದಷ್ಟು ಗಾಜಿನ ಸ್ಲೈಡ್. ಬೆರಳ ತುದಿಯಿಂದ 20 ಘನ ಮಿಲಿಮೀಟರ್ ರಕ್ತ, ಅಂದರೆ ಒಂದು ಸಣ್ಣ ಹನಿ. ಅದನ್ನು ಸ್ಲೈಡ್ ಮೇಲೆ ದಪ್ಪಗೆ ಹರಡಿ ಒಣಗಿಸಬೇಕು. ಒಣಗಿದ ಮೇಲೆ ಐಸ್ ಬೇಡ, ಬಾಟಲಿ ಬೇಡ, ಕಾಗದದಲ್ಲಿ ಸುತ್ತಿದರೂ ಸಾಕು. ಮಲೇರಿಯಕ್ಕೂ ಇದೇ ಸ್ಲೈಡ್. 1958ರಲ್ಲಿ ಮಲೇರಿಯ ನಿರ್ಮೂಲನ ಕಾರ್ಯಕ್ರಮ ಶುರುವಾದ ಮೇಲೆ ಜ್ವರ ಬಂದ ಮನೆಯಲ್ಲಿ ಬೆರಳು ಚುಚ್ಚಿ, ಕೈಗೆ ನಾಲ್ಕು ಕ್ಲೋರೋಕ್ವಿನ್ ಮಾತ್ರೆ ಕೊಟ್ಟು ಹೋಗುತ್ತಿದ್ದರು. ಸ್ಲೈಡ್ ನೋಡಿ ರಿಪೋರ್ಟ್ ಬರುವುದು ಆಮೇಲೆ. ಪಾಸಿಟಿವ್ ಆದರೆ ಮತ್ತೆ ಬಂದು ಪೂರ್ತಿ ಔಷಧ. ರಿಪೋರ್ಟ್ ತಡವಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಮಾಡಿದ ವ್ಯವಸ್ಥೆ ಅದು.

ಸ್ಲೈಡ್‌ಗೂ ಶತ್ರುಗಳಿದ್ದವು. ಬಣ್ಣ ಹಾಕದ ರಕ್ತದ ಸ್ಲೈಡನ್ನು ಮುಚ್ಚದೆ ಇಟ್ಟರೆ ಇರುವೆ, ಜಿರಳೆ ತಿಂದುಬಿಡುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಹಪ್ಪಳವೇ ಒಣಗುವುದಿಲ್ಲ, ಇನ್ನು ರಕ್ತ ಬೇಗ ಒಣಗೀತೇ? ಬೇಗ ಒಣಗಲೆಂದು ಬೆಂಕಿಯ ಹತ್ತಿರ ಹಿಡಿದರೆ ರಕ್ತ ಗಾಜಿಗೆ ಬೆಂದು ಅಂಟಿ, ಆಮೇಲೆ ನೀರಿನಲ್ಲಿ ಅದರ ಕೆಂಪು ತೊಳೆದು ಹೋಗುವುದಿಲ್ಲ, ಒಳಗಿನ ರೋಗಾಣು ಕಾಣುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ರಕ್ತ ತೆಗೆಯುವ ಸಾಮಾನು ಹೊಸತಲ್ಲ. ಜಿಗಣೆ ಹಚ್ಚಿ ರಕ್ತ ತೆಗೆಸುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಯುರೋಪಿನಲ್ಲಿ ಸಣ್ಣ ಚೂರಿಯಿಂದ ನರ ಕೊಯ್ದು ಬಟ್ಟಲಿಗೆ ರಕ್ತ ಬಿಡುತ್ತಿದ್ದರು. ಆದರೆ ಅದೆಲ್ಲ "ಕೆಟ್ಟ ರಕ್ತ" ಹೊರಗೆ ಹಾಕಲು. ತೆಗೆದದ್ದನ್ನು ಚೆಲ್ಲುವುದೇ ಪದ್ಧತಿ. ಚೆಲ್ಲುವ ರಕ್ತಕ್ಕೆ ಬುಡ್ಡಿ ಯಾಕೆ, ಮುಚ್ಚಳ ಯಾಕೆ? ರಕ್ತದೊಳಗೆ ನೋಡುವಂಥದ್ದು ಇದೆ ಎಂದು 19ನೇ ಶತಮಾನದಲ್ಲಿ ಗೊತ್ತಾದ ಮೇಲೆಯೇ ಅದನ್ನು ಕೆಡದಂತೆ ಒಯ್ಯುವುದು ಹೇಗೆ ಎಂಬ ತಲೆಬಿಸಿ ಶುರುವಾಯಿತು.

ಮೊದಲ ಉಪಾಯಗಳು ಬಹಳ ಸರಳ. 1896ರಲ್ಲಿ ಟೈಫಾಯ್ಡ್ ಪತ್ತೆಗೆ ವಿಡಾಲ್ ಪರೀಕ್ಷೆ ಬಂತು. ಇವತ್ತಿಗೂ ನಮ್ಮ ಪೇಟೆಯ ಲ್ಯಾಬ್‌ಗಳಲ್ಲಿ ಅದೇ ಹೆಸರು. ಅದೇ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಟ್ ಜಾನ್‌ಸ್ಟನ್ ಎಂಬುವರು ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಿಂದಲೂ ಈ ಪರೀಕ್ಷೆ ಮಾಡಬಹುದು ಎಂದು ತೋರಿಸಿದರು. ಅಂದರೆ ಹಳ್ಳಿಯ ಡಾಕ್ಟರು ಲಕೋಟೆಯಲ್ಲಿ ಹಾಕಿ ಟಪಾಲಿಗೆ ಕೊಟ್ಟರೂ ಆಯಿತು. ಇಂಗ್ಲೆಂಡಿನ ಆಲ್‌ಮ್ರೋತ್ ರೈಟ್ ಮಾಡಿದ್ದು ಒಂದು ಗಾಜಿನ ಸಣ್ಣ ನಳಿಗೆ. ಎರಡೂ ತುದಿ ಸಪೂರ, ಒಂದು ತುದಿ ಕೊಕ್ಕೆಯ ಹಾಗೆ ಬಾಗಿದ್ದು. ಬಾಗಿದ ತುದಿಯನ್ನು ಬೆರಳಿನ ಹನಿಗೆ ತಾಗಿಸಿದರೆ ರಕ್ತ ತಾನಾಗಿ ಒಳಗೆ ಏರುತ್ತದೆ. ಆಮೇಲೆ ತುದಿಯನ್ನು ಬೆಂಕಿಗೆ ಹಿಡಿದರೆ ಗಾಜು ಕರಗಿ ಬಾಯಿ ಮುಚ್ಚುತ್ತದೆ.

ಹನಿ ಸಾಲದೆ ನರದಿಂದಲೇ ರಕ್ತ ಬೇಕಾದಾಗ ಸಿರಿಂಜ್. ಪೂರ್ತಿ ಗಾಜಿನ ಸಿರಿಂಜ್ 1894ರಲ್ಲಿ ಪ್ಯಾರಿಸ್‌ನ ಲೂಯರ್ ಕಂಪೆನಿಯಿಂದ ಬಂತು. ನಮ್ಮ ತಂದೆ-ತಾಯಿಯ ಕಾಲದವರಿಗೆ ಅದು ಚೆನ್ನಾಗಿ ಗೊತ್ತು: ಸ್ಟೌ ಮೇಲೆ ಸ್ಟೀಲ್ ಡಬ್ಬಿ, ಅದರಲ್ಲಿ ಕುದಿಯುವ ನೀರು, ಚಿಮುಟದಲ್ಲಿ ಸಿರಿಂಜ್ ಎತ್ತುವ ಕಂಪೌಂಡರ್. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಮತ್ತೆ ಚೂಪು ಮಾಡುತ್ತಿದ್ದರು. ಕುದಿಸಿದ ಸಿರಿಂಜಿನಲ್ಲಿ ನಾಲ್ಕು ಹನಿ ನೀರು ಉಳಿದರೂ ತೊಂದರೆ. ಬರೀ ನೀರು ತಾಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಬಂದು, ಆರೋಗ್ಯವಾಗಿದ್ದವನ ರಿಪೋರ್ಟಿನಲ್ಲೂ ಪೊಟ್ಯಾಸಿಯಂ ಏರಿದಂತೆ ತೋರುತ್ತದೆ.

ಕೆಟ್ಟ ರಕ್ತದ ದೊಡ್ಡ ಸಮಸ್ಯೆ ಇದೇ. ಗಂಗೊಳ್ಳಿ ಬಂದರಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿದರೆ ನಿನ್ನೆಯದೋ ಇವತ್ತಿನದೋ ಹೇಳಬಹುದು. ಹಾಲು ಕೆಟ್ಟರೆ ವಾಸನೆ ಹೇಳುತ್ತದೆ. ಟ್ಯೂಬಿನ ರಕ್ತ ಎಷ್ಟೋ ಸಲ ಹಾಗೆ ಹೇಳುವುದಿಲ್ಲ. ಸುಮ್ಮನೆ ಒಂದು ತಪ್ಪು ಅಂಕಿ ಕೊಡುತ್ತದೆ, ನಾವು ನಂಬುತ್ತೇವೆ.

ನಮ್ಮ ಮನೆಯಲ್ಲೇ ಆದದ್ದು. ಅಪ್ಪಯ್ಯನ ಸಕ್ಕರೆ ಪರೀಕ್ಷೆಗೆ ಊರಿನ ಒಂದು ಶಿಬಿರದಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರು. ಟ್ಯೂಬುಗಳು ಮಧ್ಯಾಹ್ನದವರೆಗೆ ಮೇಜಿನ ಮೇಲೇ ಇದ್ದವು, ಕೊನೆಯವರದ್ದು ಮುಗಿದ ಮೇಲೆ ಎಲ್ಲವೂ ಒಟ್ಟಿಗೆ ಹೋದವು. ರಿಪೋರ್ಟಿನಲ್ಲಿ 112. "ಗಡಿಯಲ್ಲಿದೆ, ಹೆದರಬೇಡಿ" ಎಂದರು. ಎರಡು ತಿಂಗಳಾದರೂ ಕಾಲಿನ ಗಾಯ ಒಣಗಲಿಲ್ಲ. ಪೇಟೆಗೆ ಹೋಗಿ ಲ್ಯಾಬಿನಲ್ಲೇ ಕೂತು ರಕ್ತ ಕೊಟ್ಟಾಗ 158. ತೆಗೆದ ರಕ್ತದಲ್ಲೂ ಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ ಎಂದು ವಿವರಿಸಿದವರು ಅಲ್ಲಿನ ಟೆಕ್ನಿಷಿಯನ್ ಅಕ್ಕ. ಹಾಗೇ ಇಟ್ಟರೆ ಗಂಟೆಗೆ ಸುಮಾರು 5ರಿಂದ 7 ಶೇಕಡ ಇಳಿಯುತ್ತದಂತೆ, ಸೆಖೆಯಲ್ಲಿ ಇನ್ನೂ ಹೆಚ್ಚು. ಅದನ್ನು ತಡೆಯಲೆಂದೇ ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ. ಆ ಶಿಬಿರದಲ್ಲಿ ಎಲ್ಲರಿಗೂ ಕೆಂಪು ಮುಚ್ಚಳದ್ದೇ ಆಗಿತ್ತು. ಅವತ್ತು ಸಾಲಿನಲ್ಲಿ ನಿಂತ ಉಳಿದವರ ಅಂಕಿ ಎಷ್ಟು ಸರಿ ಎಂದು ನಮಗೆ ಇವತ್ತಿಗೂ ಯೋಚನೆ ಬರುತ್ತದೆ.

ಬಣ್ಣಬಣ್ಣದ ಮುಚ್ಚಳದ ಈ ಟ್ಯೂಬಿನ ಮೂಲ ಅಮೆರಿಕದ ಜೋಸೆಫ್ ಕ್ಲೈನರ್ 1949ರಲ್ಲಿ ಪೇಟೆಂಟ್ ಪಡೆದ ಸಾಧನ. ಟ್ಯೂಬಿನೊಳಗಿನ ಗಾಳಿಯನ್ನು ಮೊದಲೇ ತೆಗೆದಿರುತ್ತಾರೆ. ಸೂಜಿ ರಬ್ಬರ್ ಮುಚ್ಚಳ ತೂರಿದ ಕೂಡಲೇ ರಕ್ತ ತಾನಾಗಿ ಒಳಗೆ ಬಂದು, ಬೇಕಾದಷ್ಟು ತುಂಬಿ ನಿಲ್ಲುತ್ತದೆ. ಅದು ನಮ್ಮ ಹಳ್ಳಿಗಳಿಗೆ ಬಂದದ್ದು ಬಹಳ ತಡವಾಗಿ.

ಸ್ಲೈಡ್, ಕಾಗದ, ಗಾಜಿನ ನಳಿಗೆ ಯಾವುದೂ ಸಾಲದ ರೋಗವೊಂದು ನಮ್ಮ ಘಟ್ಟದ ಮೇಲೇ ಕಾಣಿಸಿಕೊಂಡಿತು. 1957ರ ಮಾರ್ಚ್ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಜನರಿಗೆ ಜೋರು ಜ್ವರ ಎಂಬ ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರು ಮಾಡಿದ್ದವು. ಮಂಗ ಸಾಯುತ್ತಿವೆ ಎಂದಾಗ ಮೊದಲು ಬಂದ ಭಯ ಹಳದಿ ಜ್ವರದ್ದು. ಅದು ಭಾರತಕ್ಕೆ ಕಾಲಿಟ್ಟರೆ ಗತಿಯೇನು ಎಂದು ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಾಡಿಗೆ ಬಂದರು.

ವೈರಸ್ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಆಗಿನ ದಾರಿ ಒಂದೇ: ರೋಗಿಯ ಅಥವಾ ಸತ್ತ ಮಂಗದ ರಕ್ತವನ್ನು ಎಳೆ ಇಲಿಮರಿಗೆ ಚುಚ್ಚಿ, ಅದು ಕಾಯಿಲೆ ಬೀಳುತ್ತದೋ ನೋಡುವುದು. ಅದಕ್ಕೆ ವೈರಸ್ ಜೀವಂತ ಪುಣೆಗೆ ಮುಟ್ಟಬೇಕು. ಸೊರಬದಿಂದ ಪುಣೆಗೆ 500 ಕಿ.ಮೀ.ಗಿಂತ ಹೆಚ್ಚು, ಅದೂ ಬೇಸಿಗೆ. ಒಣಗಿಸಿದರೆ ಕೆಲಸ ಕೆಡುತ್ತದೆ, ಬಿಸಿಯಾದರೂ ಕೆಡುತ್ತದೆ. ಅಂಥ ಕೆಲಸಕ್ಕೆ ಆ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಬಿಗಿ ಮುಚ್ಚಿದ ಗಾಜಿನ ಟ್ಯೂಬು, ಐಸ್ ಮತ್ತು ನಾವು ಚಹಾ ಹಾಕುವ ಥರ್ಮಾಸ್. ಜೇಮ್ಸ್ ಡ್ಯೂವರ್ 1892ರಲ್ಲಿ ಆ ಫ್ಲಾಸ್ಕ್ ಮಾಡಿದ್ದು ತಣ್ಣಗಿನ ಅನಿಲಗಳ ಪ್ರಯೋಗಕ್ಕೆ, ಚಹಾಕ್ಕಲ್ಲ.

ಪುಣೆಯಲ್ಲಿ ಮಂಗದ ಮತ್ತು ಮನುಷ್ಯರ ಸ್ಯಾಂಪಲ್ ಎರಡರಿಂದಲೂ ಅದೇ ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ, ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮಿದುಳು ಜ್ವರದ ವೈರಸ್‌ನ ಸಂಬಂಧಿ. ಕಾಡಿನ ಉಣ್ಣಿಯೇ ಇಲ್ಲಿಯೂ ಹರಡುವುದು ಎಂದು ಗೊತ್ತಾಯಿತು. ಹೀಗೆ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯ ಪುಸ್ತಕ ಸೇರಿತು, ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ. ರಕ್ತ ಒಯ್ದು ಪರೀಕ್ಷಿಸಿದವರಿಗೂ ಅದು ಸುಲಭದ್ದಾಗಿರಲಿಲ್ಲ, ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವರಿಗೂ ಸೋಂಕು ತಗಲಿದ ದಾಖಲೆಗಳಿವೆ.

ಪುಣೆಯ ಕೇಂದ್ರಕ್ಕೆ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಹೆಸರಾಯಿತು. ಶಿವಮೊಗ್ಗದಲ್ಲಿ ಈ ಕಾಯಿಲೆಯ ಪರೀಕ್ಷೆಗೆ ಲ್ಯಾಬ್ ಬಂತು. ಇಲಿಮರಿಯ ಜಾಗಕ್ಕೆ ಪಿಸಿಆರ್ ಬಂತು, ಥರ್ಮಾಸ್ ಜಾಗಕ್ಕೆ ಮೂರು ಪದರದ ಪೆಟ್ಟಿಗೆ: ಒಳಗೆ ಟ್ಯೂಬು, ಅದರ ಸುತ್ತ ಒಡೆದರೆ ಹೀರಿಕೊಳ್ಳುವ ಹತ್ತಿ ಮತ್ತು ಸೋರದ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಜೋರಾದಾಗ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಬಂದರು. ಅದೇ ಹೊತ್ತಿಗೆ ನಮ್ಮ ಉಡುಪಿ ಜಿಲ್ಲೆಯಲ್ಲೂ ಸತ್ತ ಮಂಗಗಳಲ್ಲಿ ವೈರಸ್ ಸಿಕ್ಕಿತು. ಅಲ್ಲಿಯವರೆಗೆ "ಅದು ಘಟ್ಟದವರ ಕಾಯಿಲೆ" ಎನ್ನುತ್ತಿದ್ದವರು ಸೊಪ್ಪಿಗೆ, ಕಟ್ಟಿಗೆಗೆ ಕಾಡಿಗೆ ಹೋಗಲು ಹೆದರಿದರು.

ಯಂತ್ರ ಎಷ್ಟೇ ಹೊಸದಾಗಲಿ, ಹಳೆಯ ಲೆಕ್ಕ ಬದಲಾಗಿಲ್ಲ. ಜ್ವರ ಬಂದ ಮೊದಲ ದಿನಗಳಲ್ಲೇ ರಕ್ತ ತೆಗೆಯಬೇಕು, ದಾರಿಯುದ್ದಕ್ಕೂ ತಣ್ಣಗಿರಬೇಕು. ತಡವಾದರೆ, ಬಿಸಿಯಾದರೆ ಪಿಸಿಆರ್ ಕೂಡ ನೆಗೆಟಿವ್ ಎನ್ನಬಹುದು. ಹಾಗಾಗಿ ರಕ್ತ ಕೊಡುವಾಗ ಯಾವಾಗ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ, ಟ್ಯೂಬಿನ ಮೇಲೆ ಹೆಸರು ಮತ್ತು ಸಮಯ ಬರೆದರೇ ಎಂದು ಕೇಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಹೊಸಂಗಡಿ ಕಡೆಯಿಂದ ಕುಂದಾಪುರಕ್ಕೆ ಟ್ಯೂಬ್ ಒಯ್ಯುವ ಹುಡುಗನೊಬ್ಬನ ಹಿಂದೆ ಬೈಕಿನಲ್ಲಿ ಕೂತು ಒಂದು ದಿನ ಹೋದೆವು. ಸಿದ್ಧಾಪುರ, ಅಂಪಾರು, ಕಂಡ್ಲೂರು, ಎಲ್ಲ ಕಡೆ ನಿಲ್ಲಿಸಿ ಟ್ಯೂಬ್ ಎತ್ತುತ್ತಾನೆ. ನೀಲಿ ಐಸ್ ಪ್ಯಾಕ್ ಹಾಕಿದ ಪೆಟ್ಟಿಗೆಯ ಮುಚ್ಚಳ ಒಂದು ಕಡೆ ಬಿರುಕು ಬಿಟ್ಟಿತ್ತು, ಅದಕ್ಕೆ ಸೆಲ್ಲೋ ಟೇಪ್ ಸುತ್ತಿದ್ದ. ಚಹಾಕ್ಕೆ ನಿಲ್ಲಿಸೋಣ ಎಂದೆವು. ಅವನು ಪೆಟ್ಟಿಗೆ ಮುಟ್ಟಿ ನೋಡಿ, "ಬ್ಯಾಡ ಅಣ್ಣ, ಬಿಸ್ಲ್ ಏರ್ತ್" ಎಂದು ಗೇರ್ ಹಾಕಿದ.