ಅಕ್ಕಲಕೋಟದ ಮಾವನಿಗೆ ವಾಕಡದಲ್ಲಿ ಟೆಕ್ಸ್-ಮೆಕ್ಸ್ ಊಟ

ಇವತ್ತಿನ ಮಾತು ಶುರುವಾಗಿದ್ದು ಒಂದು ಸಣ್ಣ ಪ್ರಶ್ನೆಯಿಂದ: ಊರಿಂದ ಬಂದ ಮಾವನನ್ನು ಯಾವ ಹೋಟೆಲಿಗೆ ಕರ್ಕೊಂಡು ಹೋಗೋದು?

ನಾನಿರೋದು ಪುಣೆಯ ವಾಕಡದಲ್ಲಿ. ಹಿಂಜವಡಿಯ ಐಟಿ ಪಾರ್ಕ್ ಪಕ್ಕದಲ್ಲೇ ಇರೋದರಿಂದ ಇಲ್ಲಿ ಬೇರೆ ಬೇರೆ ದೇಶದ ಊಟ ಸಿಗುತ್ತೆ. ಮಾವ ಅಂದ್ರೆ ಅಮ್ಮನ ಅಣ್ಣ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ರೈತ. ಕಣ್ಣು ತೋರಿಸೋಕೆ ಬಂದಿದ್ರು. "ರೊಟ್ಟಿ ಪಲ್ಯ ಮನ್ಯಾಗ ದಿನಾ ಐತಿ ತಮ್ಮಾ. ನಿಮ್ಮ ಆಫೀಸ್ ಮಂದಿ ಏನ್ ತಿಂತಾರ, ಅಲ್ಲಿ ಕರಕೊಂಡು ನಡಿ" ಅಂದ್ರು. ಮಾಂಸ, ಮೊಟ್ಟೆ ಮುಟ್ಟೋರಲ್ಲ. ಆದ್ರೆ ಖಾರ ಬೇಕೇ ಬೇಕು. ನನಗೆ ಹೊಳೆದದ್ದು ಟೆಕ್ಸ್-ಮೆಕ್ಸ್: ಅದರಲ್ಲೂ ರೊಟ್ಟಿ, ಕಾಳು, ಖಾರ ತಾನೆ?

ಆಫೀಸಿನ ಗೆಳೆಯನಿಗೆ ಹೇಳಿದ್ರೆ ನಕ್ಕ. "ಅದು ಅಸಲಿ ಮೆಕ್ಸಿಕನ್ ಅಲ್ಲ, ಕಲಬೆರಕೆ" ಅಂದ.

ಕಲಬೆರಕೆ ಅನ್ನೋ ಆ ಪದ ಮನಸ್ಸಲ್ಲೇ ಉಳೀತು. ನಾನು ಬೆಳೆದದ್ದು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ. ಮಾವ ನಮ್ಮನೆಗೆ ಬಂದಾಗ ಕನ್ನಡದ ನಡುವೆ 'ಪಣ', 'ಮಗ' ಅಂತ ಮರಾಠಿ ಸೇರಿಸಿ ಮಾತಾಡೋರು. ನಾನು ಅದನ್ನೇ ಅಣಕಿಸಿ ಗೆಳೆಯರನ್ನು ನಗಿಸ್ತಿದ್ದೆ. ಒಂದು ದಿನ ಅವರು ಬಾಗಿಲಲ್ಲಿ ನಿಂತು ಕೇಳಿಸ್ಕೊಂಡ್ರು. ಬೈಯಲಿಲ್ಲ. ಆದ್ರೆ ಆಮೇಲೆ ನಮ್ಮನೆಯಲ್ಲಿ ಅವರ ಮಾತು ಕಡಿಮೆ ಆಯ್ತು.

ಈಗ ಇತಿಹಾಸಕ್ಕೆ ಬರೋಣ. ಟೆಕ್ಸಾಸ್ ಮೊದಲು ಮೆಕ್ಸಿಕೋದ ಭಾಗ. 1836ರಲ್ಲಿ ಬೇರೆಯಾಗಿ, 1845ರಲ್ಲಿ ಅಮೆರಿಕಕ್ಕೆ ಸೇರಿತು. ಯುದ್ಧ ನಡೆದು, 1848ರ ಒಪ್ಪಂದದಲ್ಲಿ ರಿಯೋ ಗ್ರಾಂಡೆ ನದಿಯೇ ಗಡಿ ಅಂತಾಯ್ತು. ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಕುಟುಂಬಗಳು ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ದೇಶ ಮಾತ್ರ ಬದಲಾಯ್ತು. ಅಕ್ಕಲಕೋಟದ್ದೂ ಇಂಥದ್ದೇ ಕತೆ. ಅದೊಂದು ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ವಿಜಯಪುರ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ ಆಚೆಗೇ ಉಳೀತು. ಅಕ್ಕಲಕೋಟ ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಮಾವನ ಹೊಲ ಇದ್ದಲ್ಲೇ ಇದೆ.

ಟೆಕ್ಸ್-ಮೆಕ್ಸ್ ಅನ್ನೋದು ಮೂಲತಃ ಊಟದ ಹೆಸರಲ್ಲ. ಟೆಕ್ಸಾಸ್ ಮೆಕ್ಸಿಕನ್ ರೈಲ್ವೆ ಅನ್ನೋ 19ನೇ ಶತಮಾನದ ರೈಲು ಕಂಪನಿಯ ಹ್ರಸ್ವರೂಪ. ಆದ್ರೆ ಅಡುಗೆ ಆ ಹೆಸರಿಗಿಂತ ಹಳೇದು. ಸ್ಯಾನ್ ಆಂಟೋನಿಯೋದ ಚೌಕಗಳಲ್ಲಿ 1880ರ ದಶಕದ ಹೊತ್ತಿಗೆ 'ಚಿಲಿ ಕ್ವೀನ್' ಅಂತ ಹೆಸರಾದ ಹೆಂಗಸರು ರಾತ್ರಿ ಹೊತ್ತು ಖಾರದ ಮಾಂಸದ ಸಾರು ಮಾರ್ತಿದ್ರು. 1890ರ ದಶಕದಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಅಂಥ ಅಡುಗೆಗೆ ಬೇಕಾದ ಖಾರದ ಪುಡಿ ಮಾಡಿ ಮಾರಿದ. ನಾಚೋಸ್ ಹುಟ್ಟಿದ್ದು ನದಿಯ ಆಚೆ ದಡದ ಪಿಯೆದ್ರಾಸ್ ನೆಗ್ರಾಸ್‌ನಲ್ಲಿ, 1940ರ ದಶಕದ ಆರಂಭದಲ್ಲಿ. ಈಚೆ ದಡದಿಂದ ಬಂದ ಹೆಂಗಸರಿಗೆ ಇಗ್ನಾಸಿಯೋ ಅನಾಯಾ ಕೈಗೆ ಸಿಕ್ಕಿದ್ದರಲ್ಲೇ ಮಾಡಿಕೊಟ್ಟ ತಿಂಡಿ ಅದು. ಇಗ್ನಾಸಿಯೋಗೆ ಮುದ್ದಿನ ಹೆಸರು ನಾಚೋ. 1972ರಲ್ಲಿ ಡಯಾನಾ ಕೆನಡಿ ಮೆಕ್ಸಿಕೋದ ಅಡುಗೆ ಬಗ್ಗೆ ಪುಸ್ತಕ ಬರೆದು, ಅಸಲಿ ಬೇರೆ, ಗಡಿಯ ಈಚೆಗಿನದು ಬೇರೆ ಅಂತ ಗೆರೆ ಎಳೆದ್ರು. ಅಲ್ಲಿಂದ ಟೆಕ್ಸ್-ಮೆಕ್ಸ್ ಅಂದ್ರೆ ಎರಡನೇ ದರ್ಜೆ ಅನ್ನೋ ಮಾತು ಗಟ್ಟಿಯಾಯ್ತು.

ಇನ್ನು 'ಅಸಲಿ' ಲೆಕ್ಕವೇ ಹಾಕೋದಾದ್ರೆ, ಮೆಣಸಿನಕಾಯಿ ಆ ಖಂಡದಿಂದ ಪೋರ್ಚುಗೀಸರ ಜೊತೆ 16ನೇ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಅದಿಲ್ಲದೆ ನಮ್ಮ ಬ್ಯಾಡಗಿ ಎಲ್ಲಿ? ಟೆಕ್ಸ್-ಮೆಕ್ಸ್‌ನಲ್ಲಿ ಘಮ್ಮೆನ್ನೋ ಜೀರಿಗೆ ಸ್ಪೇನಿನವರ ಜೊತೆ ಅಲ್ಲಿಗೆ ಹೋದದ್ದು.

ವಾಕಡದಲ್ಲಿ ಮೂರು ಜಾಗ ನೋಡಿದೆ. ಒಂದು ಕಡೆ ಹಾಡಿನ ಗದ್ದಲ, ಮಾವನಿಗೆ ಮಾತೇ ಕೇಳಿಸಲ್ಲ. ಇನ್ನೊಂದರ ಮೆನುವಿನಲ್ಲಿ ಪನೀರ್ ಟಿಕ್ಕಾ ಟಾಕೋ ನೋಡಿ "ಛೇ, ಅಸಲಿ ಅಲ್ಲ" ಅಂದ್ಕೊಂಡೆ, ಮರುಕ್ಷಣವೇ ನಾಚಿಕೆ ಆಯ್ತು. ಆದರೂ ಅಲ್ಲಿಗೆ ಮೆಟ್ಟಿಲು ಜಾಸ್ತಿ. ಮೂರನೆಯದರಲ್ಲಿ ಹಂಚು ಕಣ್ಣೆದುರಿಗೇ ಇತ್ತು. ಟೆಕ್ಸಾಸಿನಲ್ಲಿ ಕಾಳನ್ನು ಹಂದಿ ಕೊಬ್ಬಿನಲ್ಲಿ ಹುರಿಯೋ ರೂಢಿ ಇದೆ, ಅದಕ್ಕೆ ಮೊದಲೇ ವಿಚಾರಿಸಿದೆ. ಇಲ್ಲಿ ಎಣ್ಣೆ ಅಂದ್ರು. ಸಸ್ಯಾಹಾರಿ ಅತಿಥಿ ಇದ್ರೆ ನೀವೂ ಇದೊಂದು ಪ್ರಶ್ನೆ ಕೇಳಿ.

ಮಾವ ಟೋರ್ಟಿಯಾ ಮುರಿದು ನೋಡಿದ್ರು. ಗೋವಿನಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬಿ ಮಾಡೋದು ಅಂದೆ. "ಸುಣ್ಣಾ?" ಅಂತ ನಕ್ಕರು. ಆಮೇಲೆ ನದಿ, ಗಡಿ, ಗೆರೆ ಎಲ್ಲ ಹೇಳಿದೆ. ಹಾಗೆ ಹೇಳ್ತಾ ಹೇಳ್ತಾ ಆ ಬಾಗಿಲ ಹತ್ತಿರದ ದಿನದ್ದೂ ಬಾಯಿಗೆ ಬಂತು. "ತಪ್ಪಾತು ಮಾವಾ" ಅಂದೆ.

ಅವರು ಸ್ವಲ್ಪ ಹೊತ್ತು ತಟ್ಟೆ ನೋಡಿದ್ರು. "ಅವತ್ತ ಸಿಟ್ಟ ಬಂದಿತ್ತು, ಪಣ ನೀ ಸಣ್ಣಾಂವ ಇದ್ದಿ" ಅಂದ್ರು. ಆಮೇಲೆ ಕಾಳು ಬಾಯಿಗಿಟ್ಟು, "ಜೀರಗಿ ಛಲೋ ಹಾಕ್ಯಾರ. ಖಾರ ಸಾಲೂದಿಲ್ಲ" ಅಂತ ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿ ತೆಗೆದು, ಮೊದಲು ನನ್ನ ತಟ್ಟೆಗೆ ಹಾಕಿದ್ರು.

ಮುಂದಿನ ವಾರ ಸಿಗೋಣ.