ನಾದವಾಹಕಗಳು: ತಟ್ಟೆಯೂ ಪ್ರವಾಹವೂ

ಸಂಗೀತವನ್ನು ಹಿಡಿದಿಡುವ ಸಾಧನವು ಸಂಗೀತದ ಆಕಾರವನ್ನೇ ತಿದ್ದಿಬಿಡುವುದೆಂಬುದಕ್ಕೆ ಭಾರತದಲ್ಲಿ ಬಹು ಹಳೆಯ ನಿದರ್ಶನವೊಂದುಂಟು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವು ಸುಮಾರು ಮೂರು ನಿಮಿಷಗಳ ತಟ್ಟೆಯೊಳಗೆ ಮುದುಡಿ ಕುಳಿತುಕೊಳ್ಳಬೇಕಾಯಿತು. ಈ ಗಾಯಕಿ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರಲ್ಲಿ ಆ ನಗರದಲ್ಲಿಯೇ ನಿಧನರಾದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆ ತರುವಾಯ ನಾದದ ವಾಹಕವು ಅನೇಕ ರೂಪಗಳನ್ನು ತಾಳಿತು. ಅವುಗಳ ಪೈಕಿ ಕಡೆಯ ಎರಡು, ಎಂದರೆ ಸಿ.ಡಿ.ಯ ಟ್ರಾನ್ಸ್‌ಪೋರ್ಟ್ ಯಂತ್ರವೂ ಅಂತರ್ಜಾಲದ ಸ್ಟ್ರೀಮಿಂಗೂ, ಇಂದು ಉತ್ತಮ ಶ್ರವಣವನ್ನು ಬಯಸುವ ಗೃಹಸ್ಥರ ನಡುವೆ ಬಿಸಿಯಾದ ವಾದಕ್ಕೆ ಕಾರಣವಾಗಿವೆ. ವಾದಿಗಳು ತಮ್ಮ ಕಿವಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಇತಿಹಾಸವನ್ನು ಸಾಕ್ಷಿಗೆ ಕರೆದವರು ವಿರಳ.

ಸಿ.ಡಿ.ಯ ಜನನಕ್ಕೆ ಎರಡು ಊರುಗಳು ಕಾರಣ. ಹಾಲೆಂಡಿನ ಐಂಡ್‌ಹೋವನ್ನಿನಲ್ಲಿ ಫಿಲಿಪ್ಸ್ ಸಂಸ್ಥೆ 1979ರ ಮಾರ್ಚಿಯಲ್ಲಿ ತನ್ನ ಮಾದರಿ ತಟ್ಟೆಯನ್ನು ಪತ್ರಕರ್ತರ ಮುಂದೆ ನುಡಿಸಿ ತೋರಿಸಿತು. ಅದೇ ವರ್ಷ ಟೋಕಿಯೊದ ಸೋನಿ ಸಂಸ್ಥೆಯೊಡನೆ ಒಪ್ಪಂದವಾಗಿ, ಎರಡೂ ಕಡೆಯ ತಂತ್ರಜ್ಞರು ಸರದಿಯಂತೆ ಆ ಊರಿನಲ್ಲೊಮ್ಮೆ ಈ ಊರಿನಲ್ಲೊಮ್ಮೆ ಕೂಡಿ ಚರ್ಚಿಸಿದರು. 1980ರಲ್ಲಿ ಸಿದ್ಧವಾದ ನಿಯಮಾವಳಿಗೆ ಅದರ ರಕ್ಷಾಪತ್ರದ ಬಣ್ಣದಿಂದ ರೆಡ್ ಬುಕ್ ಎಂಬ ಹೆಸರು ನಿಂತಿತು. ಫಿಲಿಪ್ಸಿನವರು ಪ್ರತಿಯೊಂದು ಮಾದರಿಯ ಅಳತೆಗೆ 14 ಬಿಟ್ ಸಾಕೆಂದರು. ಸೋನಿಯವರು 16ಕ್ಕೆ ಪಟ್ಟು ಹಿಡಿದರು. ಸೋನಿಯ ಮಾತೇ ಗೆದ್ದಿತು. ಆದರೆ 14 ಬಿಟ್ಟಿನ ಪರಿವರ್ತಕವನ್ನು ಆಗಲೇ ಸಿದ್ಧಪಡಿಸಿಕೊಂಡಿದ್ದ ಫಿಲಿಪ್ಸಿನವರು, ಮಾದರಿಗಳ ವೇಗವನ್ನು ನಾಲ್ಮಡಿಗೊಳಿಸುವ ಉಪಾಯದಿಂದ ಅದರಲ್ಲಿಯೇ 16 ಬಿಟ್ಟಿನ ಗುಣವನ್ನು ಪಡೆದುಕೊಂಡರು. ಸೋತವನು ಜಾಣ್ಮೆಯನ್ನು ಕಲಿತನೆನ್ನಬಹುದು.

ಸೆಕೆಂಡಿಗೆ 44,100 ಮಾದರಿಗಳೆಂಬ ವಿಚಿತ್ರ ಸಂಖ್ಯೆಯ ಮೂಲವನ್ನು ಅನೇಕರು ಕಿವಿಯ ಶಾಸ್ತ್ರದಲ್ಲಿ ಮಾತ್ರ ಹುಡುಕುತ್ತಾರೆ. 20,000 ಆವರ್ತಗಳವರೆಗಿನ ನಾದವನ್ನು ಹಿಡಿಯಲು ಅದರ ಇಮ್ಮಡಿಗಿಂತ ತುಸು ಹೆಚ್ಚು ಮಾದರಿಗಳು ಬೇಕೆಂಬುದು ನಿಜವೇ. ಆದರೆ ಸರಿಯಾಗಿ 44,100 ಏಕೆ? ಆ ಕಾಲದಲ್ಲಿ ಅಂಕೀಯ ಧ್ವನಿಯನ್ನು ಕೂಡಿಡಲು ಬೇರೆ ಸಾಧನವಿಲ್ಲದೆ ದೂರದರ್ಶನದ ವಿಡಿಯೊ ಟೇಪನ್ನೇ ಬಳಸುತ್ತಿದ್ದರು. ಒಂದು ಗೆರೆಗೆ 3 ಮಾದರಿ, ಒಂದು ಕ್ಷೇತ್ರಕ್ಕೆ 245 ಗೆರೆ, ಸೆಕೆಂಡಿಗೆ 60 ಕ್ಷೇತ್ರ: ಗುಣಿಸಿದರೆ 44,100. ಯೂರೋಪಿನ ಪದ್ಧತಿಯಲ್ಲಿ 3, 294, 50 ಎಂದು ಗುಣಿಸಿದರೂ ಅದೇ ಮೊತ್ತ. ಸಂಗೀತದ ಅಳತೆಗೋಲನ್ನು ದೂರದರ್ಶನದ ಪರದೆ ನಿರ್ಣಯಿಸಿತೆಂಬುದು ಇತಿಹಾಸದ ಒಂದು ವಿನೋದ.

ತಟ್ಟೆಯ ಅಗಲದ ವಿಷಯದಲ್ಲಿ ಪ್ರಸಿದ್ಧವಾದ ಐತಿಹ್ಯವೊಂದಿದೆ. ಫಿಲಿಪ್ಸಿನವರ ಮನಸ್ಸಿನಲ್ಲಿದ್ದುದು 115 ಮಿಲಿಮೀಟರು. ಬೇಥೋವನ್ನನ ಒಂಬತ್ತನೆಯ ಸಿಂಫನಿ ಒಂದೇ ತಟ್ಟೆಯಲ್ಲಿ ಹಿಡಿಯಬೇಕೆಂದು ಸೋನಿಯ ನೊರಿಯೊ ಓಗ ಹಟ ಹಿಡಿದದ್ದರಿಂದ ಅದು 120 ಮಿಲಿಮೀಟರಿಗೆ ಬೆಳೆದು, 74 ನಿಮಿಷಗಳಿಗೆ ಎಡೆಯಾಯಿತೆಂದು ಹೇಳುವರು. ಫಿಲಿಪ್ಸಿನಲ್ಲಿದ್ದು ಈ ತಟ್ಟೆಯ ಸಂಕೇತಲಿಪಿಯನ್ನು ರೂಪಿಸಿದ ಕೇಸ್ ಇಮ್ಮಿಂಕ್ ಅವರು ಈ ಕಥೆಗೆ ಅಷ್ಟಾಗಿ ತಲೆದೂಗಿಲ್ಲ. ಫಿಲಿಪ್ಸಿನ ಬಳಗಕ್ಕೆ ಸೇರಿದ ಪಾಲಿಗ್ರಾಂ ಕಂಪನಿ ಹಾನೋವರಿನಲ್ಲಿ 115ರ ತಟ್ಟೆಗೆ ಆಗಲೇ ಸಿದ್ಧತೆ ಮಾಡಿಕೊಂಡಿತ್ತು. ಅಳತೆ ಬದಲಾದರೆ ಆ ಮುನ್ನಡೆ ಅಳಿದುಹೋಗುತ್ತಿತ್ತು ಎಂಬುದನ್ನು ಅವರು ಎತ್ತಿ ತೋರಿಸಿದ್ದಾರೆ. ಬೇಥೋವನ್ನನಿಗಿಂತ ಬಂಡವಾಳದ ಲೆಕ್ಕವೇ ಹೆಚ್ಚು ನಂಬತಕ್ಕುದು. 1982ರ ಅಕ್ಟೋಬರ್ 1ರಂದು ಸೋನಿಯ ಸಿ.ಡಿ.ಪಿ. 101 ಎಂಬ ಯಂತ್ರವು ಜಪಾನಿನಲ್ಲಿ 1,68,000 ಯೆನ್ ಬೆಲೆಗೆ ಮಾರಾಟಕ್ಕೆ ಬಂದಿತು.

ಇನ್ನು ಟ್ರಾನ್ಸ್‌ಪೋರ್ಟಿನ ವಿಚಾರ. ಸಿ.ಡಿ. ಯಂತ್ರದಲ್ಲಿ ಎರಡು ಕೆಲಸಗಳು ನಡೆಯುತ್ತವೆ. ತಟ್ಟೆಯನ್ನು ತಿರುಗಿಸಿ, ಲೇಸರ್ ಕಿರಣದಿಂದ ಅದರ ಸೂಕ್ಷ್ಮ ಕುಳಿಗಳನ್ನು ಓದಿ ಅಂಕೆಗಳನ್ನು ಹೊರಡಿಸುವುದು ಮೊದಲನೆಯದು. ಅಂಕೆಗಳನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವುದು ಎರಡನೆಯದು. 80ರ ದಶಕದ ನಡುವಿನಿಂದ ಕೆಲವು ತಯಾರಕರು ಇವೆರಡನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟರು. ಮೊದಲ ಪೆಟ್ಟಿಗೆಗೆ ಟ್ರಾನ್ಸ್‌ಪೋರ್ಟ್ ಎಂದೂ ಎರಡನೆಯದಕ್ಕೆ ಡ್ಯಾಕ್ ಎಂದೂ ಹೆಸರಾಯಿತು. ತಿರುಗುವ ಯಂತ್ರದ ನಡುಕವೂ ಮೋಟಾರಿನ ಗದ್ದಲವೂ ಸೂಕ್ಷ್ಮವಾದ ಪರಿವರ್ತಕವನ್ನು ತಟ್ಟಬಾರದೆಂಬುದು ಉದ್ದೇಶ. ಉದ್ದೇಶವು ಸಾಧುವಾದುದೇ. ಆದರೆ ಎರಡು ಪೆಟ್ಟಿಗೆಗಳನ್ನು ಕೂಡಿಸಿದ ತಂತಿಯಲ್ಲಿ ಹೊಸದೊಂದು ತೊಡಕು ಅಡಗಿತ್ತು.

ಇದನ್ನು ತುಸು ವಿಶದಪಡಿಸುವುದು ಅವಶ್ಯ. ಒಂದೇ ಪೆಟ್ಟಿಗೆಯ ಯಂತ್ರದಲ್ಲಿ ತಟ್ಟೆಯು ಕಾಲವನ್ನು ಆಳುವುದಿಲ್ಲ. ಓದಿದ ಅಂಕೆಗಳು ಮೊದಲು ಒಂದು ಸಣ್ಣ ಕಣಜವನ್ನು ಸೇರುತ್ತವೆ; ಅಲ್ಲಿಂದ ಸ್ಫಟಿಕದ ಗಡಿಯಾರವು ಅವುಗಳನ್ನು ಒಂದೇ ಲಯದಲ್ಲಿ ಹೊರಕ್ಕೆ ಅಳೆದು ಕೊಡುತ್ತದೆ. ಕಣಜ ಬರಿದಾಗತೊಡಗಿದರೆ ತಟ್ಟೆ ವೇಗವಾಗಿ ತಿರುಗುತ್ತದೆ, ತುಂಬಿಬಂದರೆ ನಿಧಾನವಾಗುತ್ತದೆ. ಗೀರುಗಳಿಂದ ಕಳೆದುಹೋದ ಅಂಕೆಗಳನ್ನು ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರ ಸೂತ್ರವು ಕಣಜದಲ್ಲಿಯೇ ಮರಳಿ ಕಟ್ಟಿಕೊಡುತ್ತದೆ. ಸುಮಾರು ಎರಡೂವರೆ ಮಿಲಿಮೀಟರು ಉದ್ದದ ಗಾಯವೂ ಈ ಚಿಕಿತ್ಸೆಯಿಂದ ಪೂರ್ತಿ ಮಾಯುವುದುಂಟು. ಹೀಗಿರುವಾಗ ಪೆಟ್ಟಿಗೆಯನ್ನು ಸೀಳಿದೊಡನೆ ಗಡಿಯಾರವು ಟ್ರಾನ್ಸ್‌ಪೋರ್ಟಿನ ಕಡೆ ಉಳಿದು, ಪರಿವರ್ತಕವು ಗಡಿಯಾರವಿಲ್ಲದಂತಾಯಿತು. ಸೋನಿ ಮತ್ತು ಫಿಲಿಪ್ಸಿನ ಹೆಸರುಗಳಿಂದಲೇ ಎಸ್.ಪಿ.ಡಿ.ಐ.ಎಫ್. ಎಂದು ಕರೆಯಲ್ಪಟ್ಟ ತಂತಿಪದ್ಧತಿಯಲ್ಲಿ ಅಂಕೆಗಳೂ ಲಯವೂ ಒಂದೇ ಎಳೆಯಲ್ಲಿ ಹೆಣೆದುಕೊಂಡು ಸಾಗುತ್ತವೆ. ಆ ಎಳೆಯಿಂದ ಲಯವನ್ನು ಬಿಡಿಸಿಕೊಳ್ಳುವಾಗ ಉಂಟಾಗುವ ಅತಿ ಸೂಕ್ಷ್ಮ ಹಿಂಚುಮುಂಚಿಗೆ ಜಿಟರ್ ಎಂದು ಹೆಸರು. ಅಂಕೆಯೊಂದೂ ತಪ್ಪುವುದಿಲ್ಲ, ಅದು ಬರುವ ಗಳಿಗೆ ಮಾತ್ರ ತಪ್ಪುತ್ತದೆ. ತಾಳದ ಪರಿಚಯವುಳ್ಳವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. 1992ರಲ್ಲಿ ಕ್ರಿಸ್ ಡನ್ ಮತ್ತು ಮಾಲ್ಕಮ್ ಹಾಕ್ಸ್‌ಫರ್ಡ್ ಎಂಬ ವಿದ್ವಾಂಸರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಈ ತಂತಿಪದ್ಧತಿಯ ದೋಷವನ್ನೇ ಪ್ರಶ್ನೆಯಾಗಿ ಮಂಡಿಸಿದರು.

ಆದರೆ ವ್ಯಾಪಾರವು ಗಣಿತದ ಜಾಡನ್ನು ಹಿಡಿಯದೆ ಲೋಹದ ಜಾಡನ್ನು ಹಿಡಿಯಿತು. ಟೀಯಾಕ್ ಕಂಪನಿಯ ಎಸೊಟೆರಿಕ್ ಯಂತ್ರಗಳು ತಟ್ಟೆಯನ್ನು ಅದರಷ್ಟೇ ಅಗಲದ ಗಟ್ಟಿ ಫಲಕಕ್ಕೆ ಬಿಗಿದು ಹಿಡಿದವು. ಜಪಾನಿನ ಸಿ.ಇ.ಸಿ. ಕಂಪನಿ ಹಳೆಯ ರೆಕಾರ್ಡು ಯಂತ್ರದಂತೆ ಪಟ್ಟಿಯಿಂದ ತಿರುಗುವ ಟ್ರಾನ್ಸ್‌ಪೋರ್ಟನ್ನು ಮಾಡಿತು. ಈ ಯಂತ್ರಗಳ ಕುಶಲತೆ ಮೆಚ್ಚತಕ್ಕುದೇ ಸರಿ. ಆದರೂ ಕಣಜವಿರುವಾಗ ತಟ್ಟೆಯ ನಡುಕಕ್ಕೆ ಇಷ್ಟೊಂದು ಕಬ್ಬಿಣವನ್ನು ಸುರಿಯುವುದು, ಕಳ್ಳನು ಹಿತ್ತಲಿನಿಂದ ಬರುವನೆಂದು ತಿಳಿದೂ ಹೆಬ್ಬಾಗಿಲಿಗೆ ಮತ್ತೊಂದು ಬೀಗ ಹಾಕಿದಂತೆ.

ಸ್ಟ್ರೀಮಿಂಗಿನ ವಂಶಾವಳಿ ಬೇರೆ. ಅದು ಸಂಗೀತಗಾರರ ಮನೆಯಲ್ಲಿ ಹುಟ್ಟದೆ ಗಣಕಯಂತ್ರದ ಮನೆಯಲ್ಲಿ ಹುಟ್ಟಿತು. 1999ರ ನ್ಯಾಪ್‌ಸ್ಟರ್ ಸಂಗೀತವನ್ನು ಕಡತವನ್ನಾಗಿ ಮಾಡಿ ಊರೂರಿಗೆ ಹಂಚಿತು, ಆದರೆ ಎಂ.ಪಿ.3 ಪದ್ಧತಿಯಲ್ಲಿ ಅಂಕೆಗಳ ಬಹುಪಾಲನ್ನು ಎಸೆದೇ ಹಂಚಿತು. 2001ರಲ್ಲಿ ಜೋಶ್ ಕೋಲ್ಸನ್ ಅವರ ಫ್ಲ್ಯಾಕ್ ಎಂಬ ಪದ್ಧತಿಯು ಒಂದಂಕೆಯನ್ನೂ ಕಳೆಯದೆ ಕಡತವನ್ನು ಬಹುಮಟ್ಟಿಗೆ ಅರ್ಧದಷ್ಟಕ್ಕೆ ಮಡಿಸುವ ಉಪಾಯವನ್ನು ತೋರಿಸಿ, ಬೆಲೆಯಿಲ್ಲದೆ ಲೋಕಕ್ಕೆ ಕೊಟ್ಟಿತು. ಗುಣದ ದೃಷ್ಟಿಯಿಂದ ಈ ಘಟನೆಯು ನ್ಯಾಪ್‌ಸ್ಟರಿಗಿಂತ ಹಿರಿದು. ಅದೇ ವರ್ಷ ಸ್ಲಿಮ್ ಡಿವೈಸಸ್ ಎಂಬ ಸಣ್ಣ ಸಂಸ್ಥೆ ಮನೆಯ ಗಣಕದಿಂದ ಜಾಲದ ಮೂಲಕ ಸಂಗೀತವನ್ನು ತರುವ ಪೆಟ್ಟಿಗೆಯನ್ನು ಮಾರಿತು. ಶ್ರೀಮಂತರ ಕೋಣೆಗೆ ಈ ಮಾರ್ಗವನ್ನು ತೆರೆದದ್ದು ಗ್ಲಾಸ್ಗೊದ ಲಿನ್ ಕಂಪನಿ. ರೆಕಾರ್ಡು ತಿರುಗಿಸುವ ಯಂತ್ರದಿಂದಲೇ ಹೆಸರು ಗಳಿಸಿದ್ದ ಈ ಕಂಪನಿ 2007ರಲ್ಲಿ ಕ್ಲೈಮ್ಯಾಕ್ಸ್ ಡಿ.ಎಸ್. ಎಂಬ ಜಾಲಯಂತ್ರವನ್ನು ಹೊರತಂದು, 2009ರ ಅಂತ್ಯಕ್ಕೆ ಸಿ.ಡಿ. ಯಂತ್ರಗಳನ್ನು ಮಾಡುವುದನ್ನೇ ಕೈಬಿಟ್ಟಿತು.

ಜಾಲಪದ್ಧತಿಯ ತಾಂತ್ರಿಕ ಮೇಲ್ಮೆ ಎಲ್ಲಿದೆಯೆಂಬುದು ಇಲ್ಲಿಗೆ ಸ್ಪಷ್ಟವಾಗಬೇಕು. ಜಾಲದಲ್ಲಿ ಅಂಕೆಗಳು ಪೊಟ್ಟಣಗಳಾಗಿ ಬರುತ್ತವೆ. ಪೊಟ್ಟಣವೊಂದು ತಪ್ಪಿದರೆ ಮತ್ತೆ ಕೇಳಿ ತರಿಸಿಕೊಳ್ಳಬಹುದು. ಕಣಜವು ಹತ್ತಾರು ಸೆಕೆಂಡುಗಳಷ್ಟು ದೊಡ್ಡದು, ಮತ್ತು ಗಡಿಯಾರವು ಪರಿವರ್ತಕದ ಮಗ್ಗುಲಲ್ಲೇ ಇರುತ್ತದೆ. 80ರ ದಶಕದಲ್ಲಿ ಪೆಟ್ಟಿಗೆ ಸೀಳಿದಾಗ ಆದ ಗಾಯವು ಹೀಗೆ ತಾನಾಗಿಯೇ ಮಾಯಿತು. ಆದರೆ ಇದರಿಂದ ಸ್ಟ್ರೀಮಿಂಗೇ ಗೆದ್ದಿತೆಂದು ಸಾರುವುದು ಆತುರವಾದೀತು. ಏಕೆಂದರೆ ಆ ಹೊತ್ತಿಗೆ ಡ್ಯಾಕುಗಳೂ ಬರುವ ಲಯವನ್ನು ಬದಿಗಿಟ್ಟು ತಮ್ಮ ಗಡಿಯಾರದಿಂದಲೇ ಅಳೆಯುವುದನ್ನು ಕಲಿತಿದ್ದವು. ಇಂದಿನ ಒಳ್ಳೆಯ ಡ್ಯಾಕಿಗೆ ಸಾಧಾರಣ ಟ್ರಾನ್ಸ್‌ಪೋರ್ಟಿನಿಂದ ಬಂದ 16 ಬಿಟ್ಟಿನ ಅಂಕೆಯೂ ಜಾಲದಿಂದ ಬಂದ ಅದೇ ಅಂಕೆಯೂ ಒಂದೇ. ಸೆಕೆಂಡಿಗೆ 14,11,200 ಬಿಟ್‌ಗಳು ಇಲ್ಲಿಯೂ ಉಂಟು, ಅಲ್ಲಿಯೂ ಉಂಟು. ಬೆಲೆಬಾಳುವ ಜಾಲತಂತಿಗಳಿಂದ ನಾದ ಬೆಳಗುವುದೆಂಬ ಪ್ರಚಾರಕ್ಕೆ ಈ ಇತಿಹಾಸದಲ್ಲಿ ಆಧಾರ ದೊರೆಯುವುದಿಲ್ಲ.

ಬಹುಕಾಲ ಸ್ಟ್ರೀಮಿಂಗ್ ಸಂಸ್ಥೆಗಳು ಈ ಪೂರ್ಣ ಅಂಕೆಯನ್ನು ಕೊಡುತ್ತಿರಲಿಲ್ಲವೆಂಬುದನ್ನೂ ಮರೆಯಲಾಗದು. 2008ರಲ್ಲಿ ಆರಂಭವಾದ ಸ್ಪಾಟಿಫೈ ತನ್ನ ಉತ್ತಮ ದರ್ಜೆಯಲ್ಲಿಯೂ ಸೆಕೆಂಡಿಗೆ 3,20,000 ಬಿಟ್‌ಗಳಷ್ಟನ್ನೇ ನೀಡುತ್ತ, 2025ರಲ್ಲಿ ಮಾತ್ರ ನಷ್ಟವಿಲ್ಲದ ಶ್ರೇಣಿಗೆ ಏರಿತು. ಆಪಲ್ ಸಂಸ್ಥೆ ಆ ಮೆಟ್ಟಿಲನ್ನು 2021ರಲ್ಲಿಯೇ ಹತ್ತಿತ್ತು. ನಡುವೆ 2014ರಲ್ಲಿ ಮೆರಿಡಿಯನ್ ಕಂಪನಿ ಸಾರಿದ ಎಂ.ಕ್ಯೂ.ಎ. ಎಂಬ ಮಡಿಕೆಯ ಪದ್ಧತಿ ಬಹಳ ಸದ್ದು ಮಾಡಿತು. ಅದನ್ನು ಪೂರ್ತಿ ಬಿಚ್ಚಲು ಪರವಾನಗಿ ಪಡೆದ ಯಂತ್ರವೇ ಬೇಕಾಗಿತ್ತು. ಅದರ ಒಡೆತನದ ಸಂಸ್ಥೆ 2023ರಲ್ಲಿ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಮರುವರ್ಷ ಟೈಡಲ್ ಸಂಸ್ಥೆ ಅದನ್ನು ಬಿಟ್ಟು ಫ್ಲ್ಯಾಕಿಗೆ ಮರಳಿತು.

ಹಾಗಾದರೆ ಎರಡು ವಾಹಕಗಳ ನಡುವೆ ವ್ಯತ್ಯಾಸವೇ ಇಲ್ಲವೆ? ಉಂಟು, ಆದರೆ ಅದು ವಾದಿಗಳು ಹುಡುಕುವ ಸ್ಥಳದಲ್ಲಿಲ್ಲ. ಮೊದಲನೆಯದು ಪಾಠಾಂತರದ ಪ್ರಶ್ನೆ. 90ರ ದಶಕದಿಂದೀಚೆಗೆ ಹಳೆಯ ಮುದ್ರಿಕೆಗಳನ್ನು ಮತ್ತೆ ಸಂಸ್ಕರಿಸುವಾಗ ಮೆಲುದನಿಯನ್ನು ಎತ್ತಿ ಏರುದನಿಯನ್ನು ಒತ್ತಿ, ಒಟ್ಟು ಗಟ್ಟಿಯಾಗಿಸುವ ಚಾಳಿ ಹಬ್ಬಿತು. 1985ರ ತಟ್ಟೆಯಲ್ಲಿರುವುದು ಒಂದು ಪಾಠ. ಜಾಲದಲ್ಲಿ ಅದೇ ಹೆಸರಿನಡಿ ದೊರೆಯುವುದು ಅನೇಕ ವೇಳೆ ಇನ್ನೊಂದು ಪಾಠ. ಹಸ್ತಪ್ರತಿಗಳನ್ನು ಹೋಲಿಸಿ ಬಲ್ಲವರಿಗೆ ಇದರ ಅಪಾಯ ಕೂಡಲೆ ಹೊಳೆಯುತ್ತದೆ: ತಾಳೆಗರಿಯನ್ನು ತಿದ್ದಿದರೆ ಗುರುತು ಉಳಿಯುತ್ತದೆ, ಜಾಲದ ಕಡತವನ್ನು ಬದಲಿಸಿದರೆ ಕೇಳುಗನಿಗೆ ಸುಳಿವೂ ಸಿಕ್ಕದು. ಟ್ರಾನ್ಸ್‌ಪೋರ್ಟೇ ಮೇಲೆಂದು ಆಣೆಯಿಡುವ ಕೆಲವರು ವಾಸ್ತವವಾಗಿ ಕೇಳುತ್ತಿರುವುದು ಯಂತ್ರದ ಗುಣವನ್ನಲ್ಲ, ಹಳೆಯ ಪಾಠದ ಗುಣವನ್ನು.

ಎರಡನೆಯದು ಒಡೆತನದ ಪ್ರಶ್ನೆ. ತಟ್ಟೆಯು ಕ್ರಯಪತ್ರವಿದ್ದಂತೆ; ಸ್ಟ್ರೀಮಿಂಗ್ ತಿಂಗಳ ಗೇಣಿ. ಗೇಣಿ ನಿಂತ ದಿನ ಹೊಲವೂ ಇಲ್ಲ, ಬೆಳೆಯೂ ಇಲ್ಲ. ಗೇಣಿ ಸಲ್ಲಿಸುತ್ತಿದ್ದರೂ, ಹಕ್ಕುದಾರರೊಡನೆ ಒಪ್ಪಂದ ಮುರಿದರೆ ಮುದ್ರಿಕೆಯು ಪಟ್ಟಿಯಿಂದ ಮಾಯವಾಗಬಲ್ಲದು. ಮೇಲಾಗಿ ಹಾಡಿನ ಲೆಕ್ಕದಲ್ಲಿ ರಚಿತವಾದ ಜಾಲದ ಪಟ್ಟಿಗಳು ಧಾರವಾಡ ಸೀಮೆಯ ಗಾಯಕರಿಗೆ ನ್ಯಾಯ ಒದಗಿಸುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರ ಮುದ್ರಿಕೆಯನ್ನು ಹುಡುಕುವವನಿಗೆ ರಾಗ, ತಾಳ, ತಬಲೆಯವರ ಹೆಸರು, ಮುದ್ರಿಸಿದ ವರ್ಷ ಇವೆಲ್ಲ ಬೇಕು. ಸಿ.ಡಿ.ಯೊಡನೆ ಬರುತ್ತಿದ್ದ ಸಣ್ಣ ಪುಸ್ತಿಕೆಯಲ್ಲಿ ಇವು ಎಷ್ಟೋ ಸಲ ಇರುತ್ತಿದ್ದವು. ವಿಲಂಬಿತವೂ ದ್ರುತವೂ ಜಾಲದಲ್ಲಿ ಎರಡು ಹಾಡುಗಳಾಗಿ ತುಂಡಾಗಿ, ನಡುವೆ ಮೌನವೊಂದು ನುಸುಳುವುದೂ ಉಂಟು.

ತಟ್ಟೆಯು ಅಮರವೆಂದು ತಿಳಿಯುವುದೂ ಸಲ್ಲದು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನ ಕಾರ್ಖಾನೆಯೊಂದರಲ್ಲಿ 1988ರಿಂದ 1993ರವರೆಗೆ ತಯಾರಾದ ಅನೇಕ ಸಿ.ಡಿ.ಗಳು ಲೇಪನದ ದೋಷದಿಂದ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಓದುವ ಲೇಸರ್ ಘಟಕಗಳೂ ಸವೆಯುತ್ತವೆ. ಫಿಲಿಪ್ಸಿನ ಹೆಸರಾಂತ ಘಟಕಗಳು ತಯಾರಿಕೆಯಲ್ಲಿ ಉಳಿಯದ ಕಾರಣ ಹಳೆಯ ದುಬಾರಿ ಟ್ರಾನ್ಸ್‌ಪೋರ್ಟುಗಳ ದುರಸ್ತಿ ಕಷ್ಟವಾಗಿದೆ. ಆದುದರಿಂದ ಬಲ್ಲವರು ತಟ್ಟೆಯಲ್ಲಿರುವ ಅಂಕೆಗಳನ್ನು ಫ್ಲ್ಯಾಕ್ ಕಡತಗಳಾಗಿ ಪ್ರತಿಮಾಡಿಕೊಂಡು, ಮನೆಯ ಸಂಗ್ರಹಯಂತ್ರದಲ್ಲಿಟ್ಟು ಜಾಲದ ಮೂಲಕ ನುಡಿಸುತ್ತಾರೆ. ಇದರಲ್ಲಿ ಪಾಠವು ತಟ್ಟೆಯದು, ಗಡಿಯಾರವು ಜಾಲಯಂತ್ರದ್ದು, ಒಡೆತನವು ಕೇಳುಗನದು. ಸ್ಲಿಮ್ ಡಿವೈಸಸ್ಸಿನ ಕಥೆಯನ್ನೇ ನೋಡಬಹುದು. 2006ರಲ್ಲಿ ಅದನ್ನು ಕೊಂಡ ಲಾಜಿಟೆಕ್ ಕಂಪನಿ 2012ರಲ್ಲಿ ಆ ಯಂತ್ರಗಳ ತಯಾರಿಕೆಯನ್ನು ಬಿಟ್ಟಿತು. 2024ರಲ್ಲಿ ಅವುಗಳಿಗೆ ನೆರವಾಗಿದ್ದ ತನ್ನ ಜಾಲಸೇವೆಯನ್ನೂ ಮುಚ್ಚಿತು. ಆದರೆ ಅದರ ತಂತ್ರಾಂಶವು ಎಲ್ಲರಿಗೂ ತೆರೆದಿದ್ದುದರಿಂದ ಅಭಿಮಾನಿಗಳು ಅದನ್ನು ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ನಡೆಸಿಕೊಂಡು ಬಂದಿದ್ದಾರೆ. ತಮ್ಮ ತಟ್ಟೆಗಳ ಪ್ರತಿಗಳನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದವರ ಹಳೆಯ ಪೆಟ್ಟಿಗೆಗಳು ಆ ಸೇವೆ ಮುಚ್ಚಿದ ಮರುದಿನವೂ ಹಾಡಿದವು.